ಗುರ್ಕಾರನ ಮಗನ ಪತ್ರಿಕೆ

ಹ್ಯಾರಿಸ್ ಗರಾಜಿನಿಂದ ಎಳೆದು ತರುತ್ತಿದ್ದ ಪತ್ರಿಕೆಯ ಕಟ್ಟಿನ ದಾರ ಕಡಿದು, ಹಾಳೆಗಳೆಲ್ಲ ಡ್ರೈವ್‌ವೇ ತುಂಬ ಹರಡಿಕೊಂಡವು.

“ಸತ್ತ ಮೇಲೂ ಭಾವನ ಉಪದ್ರ ಮುಗಿಯುವ ಹಾಗೆ ಕಾಣುವುದಿಲ್ಲ!” ಅವನು ಸೊಂಟ ಹಿಡಿದು ನಿಂತ. “ಪೆಟ್ಟಿಗೆ ಒಯ್ಯುವ ಗಾಡಿ ಎಲ್ಲಿ ನಿಲ್ಲಿಸುವುದು ಅಕ್ಕಾ? ಇದರ ಮೇಲೆಯಾ?”

“ಮೆಲ್ಲ ಮಾತಾಡು. ಒಳಗೆ ಇದ್ದಾರೆ,” ಎಂದಳು ಬಾಗಿಲಲ್ಲಿ ನಿಂತಿದ್ದ ಅವನ ಅಕ್ಕ ಕ್ಲೋಟಿಲ್ಡಾ.

“ಕೇಳಲಿ ಬಿಡು. ಬದುಕಿರುವಾಗ ಒಬ್ಬರ ಮಾತು ಕೇಳಿದ್ದುಂಟಾ?”

ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಆ ಇಟ್ಟಿಗೆಯ ಮನೆಯ ಹಾಲಿನಲ್ಲಿ ಕ್ಲೋಟಿಲ್ಡಾಳ ಗಂಡ ಹರ್ಮನ್, ಬೆರಳಿಗೆ ಜಪಸರ ಸುತ್ತಿಕೊಂಡು, ಯಾರ ಮಾತೂ ತಾಗದ ಮುಖದಲ್ಲಿ ಮಲಗಿದ್ದ. ಮಂಗಳೂರಿನ ಇಗರ್ಜಿಯ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವನು ಈ ದೇಶಕ್ಕೆ ಬಂದು, ಪಶ್ಚಿಮದ ಕೆಂಪು ಮರಳುಗಾಡಿನ ಒಂದು ಪುಟ್ಟ ಪ್ರೆಸ್ಸು ಸೇರಿದ್ದ. ಆ ಪ್ರೆಸ್ಸು ಮುಚ್ಚಿದಾಗ ಮಗಳ ಓದಿಗೆಂದು ಸಿಡ್ನಿಗೆ ಬಂದ. ಬರುವಾಗ ಅಲ್ಲಿನ ಉಚಿತ ವಾರಪತ್ರಿಕೆ ನಡೆಸುವ ಹೊಣೆಯನ್ನೂ ಹೊತ್ತು ತಂದ. ಮರಳುಗಾಡಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿದ್ದ ಕುರಿ ಸಾಕುವ ಮನೆಗಳಿಂದ ಫೋನಿನಲ್ಲಿ ಸುದ್ದಿ ಬರುತ್ತಿತ್ತು. ಗರಾಜಿನಲ್ಲಿ ಪುಟ ಕಟ್ಟಿ, ಅಚ್ಚು ಹಾಕಿಸಿ, ಆ ಕಡೆ ಹೋಗುವ ಟಪಾಲು ಲಾರಿಗೆ ಏರಿಸುತ್ತಿದ್ದ. ವಾರ ತಪ್ಪಿದ್ದಿಲ್ಲ. ಮನೆಯ ಅಂಚೆಪೆಟ್ಟಿಗೆಯ ಮೇಲೆ ‘ಉಚಿತ ಪತ್ರಿಕೆ ಬೇಡ’ ಎಂಬ ಚೀಟಿ ಅಂಟಿಸಿದವಳು ಕ್ಲೋಟಿಲ್ಡಾಳೇ. ಒಂದು ಜಗಳದ ದಿನ ಅಂಟಿಸಿದ್ದು, ಹಾಗೇ ಉಳಿದಿತ್ತು.

“ಮಮ್ಮಿ,” ಮಗಳು ರೋಶೆಲ್ ಒಳಗಿನಿಂದ ಬಂದಳು, “ಫ್ಯೂನರಲ್‌ನವರು ಅಗೇನ್ ಕೇಳ್ತಿದ್ದಾರೆ. ಹೊರೋಕೆ ಆರು ಜನ ಎಲ್ಲಿ ಅಂತ. ಇಲ್ದಿದ್ರೆ ಟ್ರಾಲಿಯಲ್ಲಿ ಪುಶ್ ಮಾಡ್ತಾರಂತೆ.”

“ಟ್ರಾಲಿಯಲ್ಲಿ ತಳ್ಳಲಿಕ್ಕೆ ನಿನ್ನ ಡ್ಯಾಡಿ ಏನು ಸೂಪರ್‌ಮಾರ್ಕೆಟಿನ ಸಾಮಾನಾ?”

ಶವವನ್ನು ನೇರ ಇಗರ್ಜಿಗೇ ಒಯ್ಯುವುದು ಇಲ್ಲಿಯ ಕ್ರಮ. ಕ್ಲೋಟಿಲ್ಡಾ ಅದಕ್ಕೆ ಒಪ್ಪಿರಲಿಲ್ಲ. ಊರಿನ ಹಾಗೆ ಮನೆಗೆ ತರಬೇಕು, ಮನೆಯ ಹೊಸ್ತಿಲನ್ನು ಮನುಷ್ಯರ ಹೆಗಲ ಮೇಲೆಯೇ ದಾಟಬೇಕು. ಅವಳು ಬೇಡಿದ್ದು ಇಷ್ಟೇ. ಈಗ ನೋಡಿದರೆ ಹೆಗಲುಗಳೇ ಇಲ್ಲ. ಮೆಲ್ಬರ್ನಿನ ವಿಂಡಮ್ ವೇಲ್‌ನಿಂದ ಬಂದ ತಮ್ಮನಿಗೆ ಬೆನ್ನುನೋವು. ಉಳಿದವನು ಪಕ್ಕದ ಮನೆಯ ಗೋಪೀನಾಥ ಒಬ್ಬನೇ.

“ಆಂಟಿ, ನಾನಂತೂ ಇದೀನಿ,” ಎಂದ ಗೋಪೀನಾಥ, ಚೆಲ್ಲಿದ ಹಾಳೆಗಳನ್ನು ಆಯುತ್ತಾ. “ನಮ್ ಆಫೀಸ್ ಹುಡುಗರನ್ನ ಕರೀಲಾ? ಪಾಪ, ಅವ್ರಿಗೆ ಅಂಕಲ್ ಯಾರು ಅಂತ್ಲೂ ಗೊತ್ತಿಲ್ಲ, ಆದ್ರೂ ಬರ್ತಾರೆ.”

“ನಮ್ಮ ಜನ ಇಲ್ಲದಿದ್ದರೆ ಅಲ್ಲವಾ ಬೇರೆಯವರು?” ಹ್ಯಾರಿಸ್ ಸಿಡುಕಿದ. “ನಮ್ಮ ಮಂಗಳೂರು ಅಸೋಸಿಯೇಷನ್‌ನವರಿಗೆ ಇವತ್ತು ಮೊಂತಿ ಫೆಸ್ತ್ ಹಾಲ್ ಬುಕ್ ಆಗಿದೆಯಂತೆ. ತೆನೆಹಬ್ಬವಲ್ಲ, ಹೊಸ ಅಕ್ಕಿಯ ಊಟ. ಇಗರ್ಜಿಯ ಪೂಜೆಗೆ ಹಿಂದಿನ ಬೆಂಚಿಗೆ ಬಂದು ಹೋಗುತ್ತಾರಂತೆ. ಹೊರಲಿಕ್ಕೆ ಪುರುಸೊತ್ತಿಲ್ಲ.”

“ಅವರನ್ನು ಹೇಳಿ ಏನು ಫಲ?” ಕ್ಲೋಟಿಲ್ಡಾ ದನಿ ಏರಿತು. “ಇವರು ಯಾರ ಮನೆಯ ಫಂಕ್ಷನ್‌ಗೆ ಹೋಗಿದ್ದಾರೆ? ಭಾನುವಾರ ಎಂದರೆ ಪೇಜು, ಸೋಮವಾರ ಎಂದರೆ ಪ್ರೆಸ್ಸು. ಯಾವನೋ ಕುರಿಯವನ ಬಾವಿಯಲ್ಲಿ ನೀರು ಬಂತು ಎಂದು ಇವರಿಗೆ ಸಂಭ್ರಮ!”

*

ಹರ್ಮನ್‌ನ ಅಪ್ಪ ಊರಿನಲ್ಲಿ ಗುರ್ಕಾರ. ಇಗರ್ಜಿಯ ಒಂದು ವಾಳೆಯ ಮನೆಗಳಿಗೆಲ್ಲ ಅವನೇ ಹಿರಿಯ. ವಾಳೆಯಲ್ಲಿ ಯಾರಾದರೂ ತೀರಿಕೊಂಡರೆ ಗದ್ದೆಯ ಹುಣಿಯ ಕಾಲುದಾರಿ ಹಿಡಿದು, ಮನೆಮನೆಯ ಅಂಗಳಕ್ಕೆ ಹೋಗಿ ಹೇಳಬೇಕು. ಅವನು ಪಾಲಿಸುತ್ತಿದ್ದ ಕಟ್ಟಳೆ ಒಂದಿತ್ತು: ಸಾವಿನ ಸುದ್ದಿ ತಂದವನು ಆ ಮನೆಯ ನೀರು ಮುಟ್ಟಬಾರದು. ಮುಟ್ಟಿದರೆ ಕೂತ ಹಾಗೆ, ಕೂತರೆ ಮಾತು ಬೆಳೆದ ಹಾಗೆ. ಮುಂದಿನ ಮನೆ ಕಾಯುತ್ತಿರುತ್ತದೆ.

ಮದುವೆಗೆ ಕರೆಯದಿದ್ದರೆ ಜನ ಕ್ಷಮಿಸುತ್ತಾರೆ, ಮಣ್ಣಿಗೆ ಕರೆಯದಿದ್ದರೆ ದೇವರೂ ಕ್ಷಮಿಸುವುದಿಲ್ಲ ಎನ್ನುತ್ತಿದ್ದನಂತೆ ಆ ಮುದುಕ.

ಮಗ ಅದನ್ನು ಕಡಲು ದಾಟಿಸಿ ತಂದ. ಪತ್ರಿಕೆಯಲ್ಲಿ ಸಾವಿನ ಸುದ್ದಿ ಅಚ್ಚಾದರೆ ಅವನಿಗೆ ಸಾಲದು. ಟಪಾಲು ತಡವಾಗಿ ಮುಟ್ಟುವ ಮನೆಗಳಿಗೆ ಒಂದೊಂದಾಗಿ ಫೋನು ಮಾಡಿ ಹೇಳುತ್ತಿದ್ದ. ರೋಶೆಲ್‌ಳ ಮೊದಲ ಪರಮಪ್ರಸಾದದ ದಿನ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಇವನು ಗರಾಜಿನಲ್ಲಿ ಫೋನು ಹಿಡಿದು, “ನಿಮಗೊಂದು ಬೇಸರದ ಸುದ್ದಿ ಹೇಳಬೇಕಾಗಿದೆ” ಎನ್ನುತ್ತಿದ್ದ. ಬಿಳಿ ಫ್ರಾಕಿನ ಹುಡುಗಿ ಕೇಕಿನ ಮುಂದೆ ಚಾಕು ಹಿಡಿದು ಕಾದಳು. ಆಮೇಲೆ ತಾಯಿಯೇ ಅವಳ ಕೈ ಹಿಡಿದು ಕತ್ತರಿಸಿದಳು.

*

ಹತ್ತಕ್ಕೆ ಹೊರಡಬೇಕು. ಕಪ್ಪು ಕೋಟಿನ ಫ್ಯೂನರಲ್‌ನವನು ಗಡಿಯಾರ ನೋಡಿ, ಟ್ರಾಲಿಯ ಮಡಚಿದ ಕಾಲುಗಳನ್ನು ಬಿಡಿಸತೊಡಗಿದ. ಕ್ಲೋಟಿಲ್ಡಾ ಅತ್ತ ನೋಡಲಾರದೆ ಬೀದಿಯ ಕಡೆ ತಿರುಗಿದಳು.

ಬೀದಿಯ ತುದಿಯಲ್ಲಿ ಒಂದು ಲಾರಿ ತಿರುಗಿತು. ಅದರ ಹಿಂದೆ ಎತ್ತರದ ಚಕ್ರಗಳ ಗಾಡಿಗಳು, ಒಂದರ ಬೆನ್ನಿಗೆ ಒಂದು. ಯಾವುದರ ಬಣ್ಣ ಯಾವುದೆಂದು ಹೇಳುವ ಹಾಗಿರಲಿಲ್ಲ. ಎಲ್ಲವೂ ಕೆಂಪು ಧೂಳಿನ ಬಣ್ಣವೇ. ಲಾರಿ ಗೋಪೀನಾಥನ ಹುಲ್ಲಿನ ಮೇಲೆ ಏರಿ ನಿಂತಿತು. ಇನ್ನೊಂದು ಗಾಡಿ ಎದುರುಮನೆಯ ದಾರಿಗೆ ಅಡ್ಡವಾಯಿತು. ಎದುರುಮನೆಯಾಕೆ ಹೊರಗೆ ಬಂದು ಕೂಗತೊಡಗಿದಳು.

“ಅಯ್ಯೋ, ಮೊನ್ನೆ ತಾನೇ ಹಾಕ್ಸಿದ್ದ ಲಾನ್!” ಎಂದ ಗೋಪೀನಾಥ. ಮರುಕ್ಷಣ ನಾಲಗೆ ಕಚ್ಚಿಕೊಂಡ.

ಇಳಿದವರು ಅಗಲ ಹ್ಯಾಟುಗಳನ್ನು ತೆಗೆದು ಎದೆಗೆ ಹಿಡಿದರು. ಗಂಡಸರು, ಹೆಂಗಸರು, ತೊಳೆದ ಅಂಗಿ, ತೊಳೆಯದ ಬೂಟು. ಹಗಲೂ ರಾತ್ರಿಯೂ ಓಡಿಸಿಕೊಂಡು ಬಂದ ಕಣ್ಣುಗಳು.

“ಇವರೆಲ್ಲ ಇಗರ್ಜಿಗೆ ಹೋಗುವುದು ಬಿಟ್ಟು ಇಲ್ಲಿಗೆ ಯಾಕೆ ಬಂದದ್ದು?” ಹ್ಯಾರಿಸ್ ತಲೆಯ ಮೇಲೆ ಕೈ ಹೊತ್ತ. “ಒಂದು ಬಾತ್‌ರೂಮ್ ಇರುವ ಮನೆ ಇದು!”

ಮುಂದೆ ಬಂದ ಟಪಾಲು ಲಾರಿಯ ಡ್ರೈವರ್ ಈ ವಾರದ ಪತ್ರಿಕೆಯನ್ನು ಬಿಡಿಸಿ ತೋರಿಸಿದ. ಹರ್ಮನ್ ಹೋದ ಮರುದಿನ ರೋಶೆಲ್ ಅತ್ತುಕೊಂಡೇ ಪುಟ ಮುಗಿಸಿದ್ದಳು. ಮರಣವಾರ್ತೆ ಬರೆದುಕೊಟ್ಟವನು ಹ್ಯಾರಿಸ್. ಮಂಗಳೂರಿನ ಪತ್ರಿಕೆಗಳ ಧಾಟಿಯಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದ: ಶವಯಾತ್ರೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸ್ವಗೃಹದಿಂದ ಹೊರಡುವುದು, ಬಂಧುಮಿತ್ರರು ಇದನ್ನೇ ಖುದ್ದು ಬಂದು ಕರೆದಂತೆ ಭಾವಿಸಬೇಕು. ಕೆಳಗೆ ಮನೆಯ ವಿಳಾಸ. ಇಗರ್ಜಿಯ ಹೆಸರೇ ಇಲ್ಲ. ಊರಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ, ಯಾವ ಮನೆಗೆ ಯಾವ ಇಗರ್ಜಿ ಎಂದು ಎಲ್ಲರಿಗೂ ಗೊತ್ತಿರುತ್ತದೆ.

“ಅಂಕಲ್, ನೀವೇ ಬರ್ದದ್ದು,” ಎಂದಳು ರೋಶೆಲ್. “ಐ ಜಸ್ಟ್ ಪುಟ್ ಇಟ್ ಇನ್.”

“ಅದು ಸುಮ್ಮನೆ ಬರೆಯುವ ಸಾಲು ಮಾರಾಯ್ತಿ! ಅದನ್ನು ಯಾರಾದರೂ ಓದುತ್ತಾರಾ?”

“ಅವರು ಓದಿದ್ದಾರೆ.”

ಡ್ರೈವರ್ ಕೊಂಚ ಸಂಕೋಚದಿಂದ ಹೇಳಿದ: “ಹರ್ಮನ್ ಖುದ್ದು ಕರೆದ ಹಾಗೆ ಎಂದಿತ್ತು. ಅವನು ಕರೆದರೆ ಬರದೆ ಇರುವುದು ಹೇಗೆ?”

ಆಗ ಗುಂಪನ್ನು ಸರಿಸಿಕೊಂಡು ಒಬ್ಬ ಮುದುಕಿ ಗೇಟಿನ ಹತ್ತಿರ ಬಂದಳು. ಒಳಗೆ ಬರಲಿಲ್ಲ. ಗೇಟು ಹಿಡಿದು ಅಲ್ಲೇ ನಿಂತಳು. ಆ ನಿಲುವು ನೋಡಿದ್ದೇ ಕ್ಲೋಟಿಲ್ಡಾಗೆ ಗುರುತು ಹತ್ತಿತು. ಬೆರಿಲ್.

*

ಮರಳುಗಾಡಿಗೆ ಹೋದ ಹೊಸತು. ಧೂಳುಗಾಳಿಗೆ ಕುರಿ ಸಾಕುವ ಮನೆಗಳ ಫೋನಿನ ತಂತಿ ಕಡಿದಿತ್ತು. ದೂರದ ಆಸ್ಪತ್ರೆಯಲ್ಲಿದ್ದ ಬೆರಿಲ್‌ಳ ಗಂಡ ತೀರಿಕೊಂಡಿದ್ದ. ಅವನ ತಮ್ಮ ಬೇರೆ ದಾರಿ ಕಾಣದೆ ಪ್ರೆಸ್ಸಿಗೆ ಫೋನು ಮಾಡಿದ್ದ. ಹರ್ಮನ್ ಗಾಡಿ ಹೊರಡಿಸಿದ. ಒಬ್ಬಳೇ ಇರಲಾರೆ ಎಂದು ಕ್ಲೋಟಿಲ್ಡಾ ಕೂಸು ರೋಶೆಲ್‌ಳನ್ನು ಎತ್ತಿಕೊಂಡು ಹತ್ತಿದಳು. ದಾರಿಯಲ್ಲಿ ಟೈರು ಒಡೆಯಿತು, ಕ್ಯಾನಿನ ನೀರು ಮುಗಿಯಿತು.

ಬೆರಿಲ್ ಗೇಟಿನಲ್ಲೇ ಸುದ್ದಿ ಕೇಳಿದಳು. ಅಳಲಿಲ್ಲ. ಒಳಗೆ ಹೋಗಿ, ಎರಡು ಲೋಟ ನೀರು ತಂದಳು. ಹರ್ಮನ್ ತಲೆಯಾಡಿಸಿದ. ತನಗೂ ಬೇಡ, ಗಾಡಿಯಲ್ಲಿ ತುಟಿ ಒಡೆದು ಕೂತವಳಿಗೂ ಬೇಡ.

“ನಿಮಗೆ ಬೇಡದಿದ್ದರೆ ಬೇಡ, ನನಗಾದರೂ ಬಿಡಬಾರದಿತ್ತಾ?” ದಾರಿಯುದ್ದಕ್ಕೂ ಕ್ಲೋಟಿಲ್ಡಾ ಸಿಡಿಮಿಡಿಗೊಂಡಳು. “ಇದು ನಿಮ್ಮ ಅಪ್ಪನ ವಾಳೆಯಾ?”

“ಮುಂದಿನ ಮನೆಗೆ ಹೇಳಬೇಕಲ್ಲ,” ಎಂದಷ್ಟೇ ಹೇಳುತ್ತಿದ್ದ ಹರ್ಮನ್. ಮುಂದಿನ ಮನೆ ಎಂದರೆ ಮತ್ತೆ ಅಷ್ಟೇ ದೂರ. ಅಲ್ಲಿಂದಲೂ ನೀರು ಕುಡಿಯದೆ ತಿರುಗಿದರು. ಆ ಬಾಯಾರಿಕೆಯನ್ನು ಅವಳು ಮರೆತಿರಲಿಲ್ಲ. ಪ್ರತಿ ಜಗಳವೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

*

“ಗಾಡಿಯಲ್ಲಿ ಕೂತಿದ್ದವಳು ನೀನೇ,” ಎಂದಳು ಬೆರಿಲ್.

ಕ್ಲೋಟಿಲ್ಡಾ ಅಡುಗೆಮನೆಗೆ ಹೋದಳು. ಲೋಟ ತುಂಬ ನೀರು ತಂದು ಗೇಟಿನ ಮೇಲಿಂದ ಚಾಚಿದಳು.

ಬೆರಿಲ್ ಲೋಟ ನೋಡಿದಳೇ ಹೊರತು ಮುಟ್ಟಲಿಲ್ಲ. “ಕುಡಿಯಬಾರದು ಅಲ್ಲವೇ? ಅವನು ಕುಡಿಯಲಿಲ್ಲ. ಎಷ್ಟು ಸಿಟ್ಟು ಬಂದಿತ್ತು ನನಗೆ. ಬೇರೆಯವರ ಮನೆಗಳಲ್ಲೂ ಹೀಗೇ ಅಂತೆ, ಆಮೇಲೆ ಗೊತ್ತಾಯಿತು.”

“ಸುದ್ದಿ ತಂದವರು ಕುಡಿಯಬಾರದು. ನೀವು ಸುದ್ದಿ ಕೇಳಿ ಬಂದವರು. ಸುಮ್ಮನೆ ಕುಡಿಯಿರಿ.”

ಮುದುಕಿ ನಿಂತಲ್ಲೇ ಗಟಗಟನೆ ಕುಡಿದಳು. ಗಂಟಲ ನರಗಳು ಏರಿ ಇಳಿಯುವುದನ್ನು ಕ್ಲೋಟಿಲ್ಡಾ ಕಣ್ಣು ಕೀಳದೆ ನೋಡಿದಳು.

“ಮ್ಯಾಡಮ್, ಆರು ಜನ,” ಎಂದ ಫ್ಯೂನರಲ್‌ನವನು, ಸಾಕಾಗಿ ಹೋದ ದನಿಯಲ್ಲಿ.

ರೋಶೆಲ್ ಕೇಳಿ ಮುಗಿಸುವ ಮೊದಲೇ ಹ್ಯಾಟುಗಳು ಬೇಲಿಯ ಮೇಲೇರಿದವು. ಮುಂದೆ ಬಂದವರಲ್ಲಿ ಯಾರನ್ನು ಬಿಡುವುದೆಂದೇ ತಿಳಿಯಲಿಲ್ಲ. ಹೊಸ್ತಿಲಿನಿಂದ ಹೂವಿನ ಕುಂಡದವರೆಗೆ ಒಂದು ತಂಡ, ಅಲ್ಲಿಂದ ಅಂಚೆಪೆಟ್ಟಿಗೆಯವರೆಗೆ ಇನ್ನೊಂದು, ಅಲ್ಲಿಂದ ಗಾಡಿಯವರೆಗೆ ಮತ್ತೊಂದು ಎಂದು ಗೋಪೀನಾಥನೇ ಪಾಲು ಹಾಕಬೇಕಾಯಿತು. ಬೆನ್ನುನೋವಿನ ಹ್ಯಾರಿಸ್ ಕೂಡ ಜಗಳವಾಡಿ ಒಂದು ಮೂಲೆ ಗಿಟ್ಟಿಸಿಕೊಂಡ. ಚೆಲ್ಲಿದ ಪತ್ರಿಕೆಗಳ ಮೇಲೇ ಹೆಜ್ಜೆಗಳು ಸಾಗಿದವು. ಟ್ರಾಲಿ ಕಾಲು ಬಿಚ್ಚಿಕೊಂಡು ಜಗಲಿಯಲ್ಲೇ ಉಳಿಯಿತು.

ಪೆಟ್ಟಿಗೆ ಒಳಗೆ ಸೇರಿ ಗಾಡಿಯ ಬಾಗಿಲು ಮುಚ್ಚಿತು.

“ಮಮ್ಮಿ, ಕಾರ್ ಹತ್ತಿ. ಲೇಟಾಯ್ತು.”

“ಒಂದು ನಿಮಿಷ.”

ಅವಳು ಮತ್ತೆ ಒಳಗೆ ಹೋದಳು. ಬೆರಿಲ್ ಕುಡಿದ ಲೋಟವನ್ನೇ ತೊಳೆದು, ನಲ್ಲಿಯ ತಣ್ಣೀರು ಅಂಚಿನವರೆಗೆ ತುಂಬಿ ತಂದು, ಅಂಚೆಪೆಟ್ಟಿಗೆಯ ತಲೆಯ ಮೇಲೆ, ಆ ಚೀಟಿಯ ಮೇಲ್ಗಡೆ ಇಟ್ಟಳು.

“ಇವತ್ತಾದರೂ ಕುಡಿದು ಹೋಗಿ,” ಎಂದು ಪೆಟ್ಟಿಗೆಯಿದ್ದ ಗಾಡಿಯತ್ತ ಗದರಿದಳು. “ಮುಂದಿನ ಮನೆ ಯಾವುದೂ ಇಲ್ಲ.”

ಹೆಣದ ಗಾಡಿ ಹೊರಟಿತು. ಹಿಂದೆ ಮನೆಯವರ ಕಾರು, ಅದರ ಹಿಂದೆ ಟಪಾಲು ಲಾರಿ, ಆಮೇಲೆ ಕೆಂಪು ಧೂಳಿನ ಗಾಡಿಗಳ ಸಾಲು. ಒಂದೊಂದು ದಾಟಿದಾಗಲೂ ಲೋಟದ ನೀರು ಸಣ್ಣಗೆ ನಡುಗಿ, ಅಂಚು ಮೀರಿ ಒಂದಿಷ್ಟು ತುಳುಕುತ್ತಿತ್ತು. ಕೊನೆಯ ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವಾಗ ಲೋಟ ಅರ್ಧಕ್ಕೆ ಇಳಿದಿತ್ತು.