ಬೀಗಿತ್ತಿಯ ಬೂದು ಕಾಲುಚೀಲಗಳು

ಕುರ್ಚಿಗೆ ಕಾಲುಚೀಲ ಹೊಲಿದು ಮಾರುತ್ತೇನೆ ಎಂದು ಟೈಲರಮ್ಮ ಮೊದಲ ಸಲ ಹೇಳಿದಾಗ ಅವಳ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಮೇಜಿಗೊಂದು ಟೋಪಿನೂ ಹೊಲಿದುಬಿಡು, ಪಾಪ, ಅದಕ್ಯಾಕೆ ಬೇಜಾರು" ಎಂದಿದ್ದ. ಆದರೆ ಮಹಡಿ ಮನೆಗಳಲ್ಲಿ ಇರುವವರಿಗೆ ಆ ಚೀಲದ ಬೆಲೆ ಗೊತ್ತು. ಮೇಲಿನ ಮನೆಯವರು ಕುರ್ಚಿ ಎಳೆದರೆ ಕೆಳಗಿನವರಿಗೆ ತಲೆಯೊಳಗೇ ಎಳೆದಂತಾಗುತ್ತದೆ. ದಪ್ಪ ಬಟ್ಟೆಯ ಪುಟ್ಟ ಚೀಲ, ಬಾಯಿಗೆ ಎಲಾಸ್ಟಿಕ್, ಅಡಿಗೆ ಉಣ್ಣೆಯ ತುಂಡು; ನಾಲ್ಕು ಕಾಲಿಗೆ ನಾಲ್ಕು ಸೇರಿ ಒಂದು ಸೆಟ್. ಆನ್‌ಲೈನ್ ಮಾರುಕಟ್ಟೆಗೆ ಹಾಕಿದ್ದೇ ತಡ, ಎಲ್ಲೆಲ್ಲಿಂದಲೋ ಆರ್ಡರ್ ಬರತೊಡಗಿದವು. ನಕ್ಕ ಗಂಡನೇ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪಾರ್ಸೆಲ್ ಕಟ್ಟುವಂತಾಯಿತು.

ಆ ಸುಖಕ್ಕೆ ಕಲ್ಲು ಹಾಕಿದವಳು ಬೀಗಿತ್ತಿ.

ಬೀಗಿತ್ತಿ ಎಂದರೆ ಟೈಲರಮ್ಮನ ಒಬ್ಬಳೇ ಮಗಳ ಅತ್ತೆ. ಪೇಟೆಯಲ್ಲಿ ಎರಡಂತಸ್ತಿನ ಬಟ್ಟೆ ಅಂಗಡಿ ಇಟ್ಟುಕೊಂಡವಳು. ಒಂದು ಭಾನುವಾರ ಊಟಕ್ಕೆ ಬಂದಾಗ, ಮೇಜಿನಡಿ ಇಣುಕಿ ಕೈತಟ್ಟಿದಳು.

"ಅಯ್ಯೋ, ಎಷ್ಟು ಮುದ್ದಾಗಿದೆ ಬೀಗರೇ! ನಮ್ಮನೆ ಕುರ್ಚಿ ಮಾತ್ರ ಬರಿಗಾಲಲ್ಲಿ ಇರ್ಬೇಕಾ?"

ಅಂದು ಅವಳು ಎರಡು ಸೆಟ್ ತನ್ನ ಕೈಚೀಲಕ್ಕಿಳಿಸಿಕೊಂಡಳು. ಭಾರದ ಮೈಯನ್ನು ಬಗ್ಗಿಸಿ, ಏದುಸಿರು ಬಿಡುತ್ತಾ, ಮೇಜಿನಡಿಯ ಫೋಟೊ ಕೂಡ ತೆಗೆದಳು. ಟೈಲರಮ್ಮ ಹಿಗ್ಗಿ ಹೀರೇಕಾಯಿಯಾಗಿ ಅವಳಿಗೆ ಇನ್ನೊಂದು ಲೋಟ ಟೀ ಮಾಡಿಕೊಟ್ಟಳು.

ಸ್ವಲ್ಪ ಕಾಲದಲ್ಲೇ ಆರ್ಡರ್ ತೆಳುವಾಗುತ್ತಾ ಬಂದವು. ಜನರಿಗೆ ಬೇಸರ ಬಂದಿರಬೇಕೆಂದು ಅವಳು ಬಣ್ಣ ಬದಲಿಸಿ ನೋಡಿದಳು, ಬೆಲೆ ಇಳಿಸಿ ನೋಡಿದಳು, ಅಂಚಿಗೆ ಬೆಕ್ಕಿನ ಮುಖವನ್ನೂ ಹೊಲಿದಳು. ಜಪ್ಪಯ್ಯ ಎಂದರೂ ವ್ಯಾಪಾರ ಚೇತರಿಸಲಿಲ್ಲ. ಒಂದು ಸಂಜೆ ಗಂಡ ಫೋನನ್ನು ಅವಳ ಮುಂದೆ ಹಿಡಿದ. ಅದೇ ಕಾಲುಚೀಲ, ಅರ್ಧ ಬೆಲೆ, ಬೀಗಿತ್ತಿಯ ಅಂಗಡಿಯ ಹೆಸರು. ಕಳಿಸುತ್ತಿದ್ದುದು ಗಿರಣಿಯಲ್ಲಿ ನೇಯಿಸಿದ ತೆಳ್ಳನೆಯ ಮಾಲು. ಫೋಟೊದಲ್ಲಿದ್ದುದು ಮಾತ್ರ ಟೈಲರಮ್ಮನ ಸ್ವಂತ ಹೊಲಿಗೆ. ಹಿಂದೆ ಅವಳದೇ ಮೇಜಿನ ಕಾಲು ಕಾಣುತ್ತಿತ್ತು, ಬಡಗಿ ಹಾಕಿದ ತೇಪೆಯ ಸಮೇತ.

ಅವಳು ನಿಂತ ಕಾಲಲ್ಲೇ ಮಗಳಿಗೆ ಫೋನ್ ಮಾಡಿದಳು.

"ಆ ಅಂಗಡಿ ಫೋನ್ ಎತ್ತೋಳು ನೀನೇ, ಪಾರ್ಸೆಲ್ ನೋಡೋಳೂ ನೀನೇ. ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ?" ಮಗಳ ದನಿ ಕುಗ್ಗಿತ್ತು. "ನಿನ್ನ ದಮ್ಮಯ್ಯ ಅಮ್ಮ, ಜಗಳ ಮಾತ್ರ ತೆಗೀಬೇಡ. ದಿನಾ ಇವರ ಮುಖ ನೋಡ್ಕೊಂಡು ಇರ್ಬೇಕಾದೋಳು ನಾನು."

ಮಗಳಿಗೋಸ್ಕರ ಟೈಲರಮ್ಮ ಬಾಯಿಗೆ ಹೊಲಿಗೆ ಹಾಕಿಕೊಂಡಳು. ಮುಂದೊಮ್ಮೆ ಮಗಳ ಮನೆಗೆ ಹೋದಾಗ ಬೀಗಿತ್ತಿಯೇ ಮಾತು ತೆಗೆದಳು. ಮುಖದಲ್ಲಿ ಎಳ್ಳಷ್ಟೂ ನಾಚಿಕೆಯಿಲ್ಲ.

"ವ್ಯಾಪಾರ ಅಂದ್ಮೇಲೆ ಪೈಪೋಟಿ ಇರೋದೇ, ಅಲ್ವಾ ಬೀಗರೇ? ನಿಮ್ಗೂ ವಯಸ್ಸಾಯ್ತು. ಎಷ್ಟು ದಿನ ಅಂತ ಪೆಡಲ್ ತುಳೀತೀರಿ? ಆರಾಮಾಗಿರಿ."

"ಹೌದು ಹೌದು," ಎಂದು ಟೈಲರಮ್ಮ ನಕ್ಕಳು. ಆ 'ಆರಾಮಾಗಿರಿ' ಮೀನಿನ ಮುಳ್ಳಿನಂತೆ ಗಂಟಲಲ್ಲಿ ಕೂತುಬಿಟ್ಟಿತು. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಗಂಡನಿಗೆ ಹೇಳಿದಳು: "ಅವಳ ಕೈ ಮೊಣಕೈ ತನಕ ಸುಡ್ಬೇಕು. ನಾನು ನಿಂತು ನೋಡ್ಬೇಕು."

ಅವಕಾಶ ಬರಲು ಬಹಳ ದಿನ ಬೇಕಾಗಲಿಲ್ಲ. ಸತ್ತೇ ಹೋಗಿತ್ತೆಂದುಕೊಂಡ ಬೇಡಿಕೆ ಒಮ್ಮೆಲೇ ಎದ್ದು ಕೂತಿತು. ಬರುತ್ತಿದ್ದುದು ಒಂದೆರಡು ಸೆಟ್ಟಿನ ಆರ್ಡರ್ ಅಲ್ಲ. ನೂರು, ನೂರೈವತ್ತು, ಅದೂ ಬೂದು ಬಣ್ಣದ್ದೇ. ಇದ್ದಕ್ಕಿದ್ದಂತೆ ಜಗತ್ತಿನ ಕುರ್ಚಿಗಳಿಗೆಲ್ಲ ಚಳಿ ಹತ್ತಿತೇನು ಎಂದು ಗಂಡ ಬೆರಗಾದ. ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದ ನಂಬರಿಗೆ ಒಬ್ಬ ಶಾಲೆಯ ಗುಮಾಸ್ತ ಫೋನ್ ಮಾಡಿ, ಕಳಿಸಿದ್ದು ಸಾಲದು, ಇನ್ನಷ್ಟು ಬೇಗ ಬೇಕೆಂದ.

"ಶಾಲೆಗೆ ಯಾಕಪ್ಪಾ ಇಷ್ಟೊಂದು?"

"ಪರೀಕ್ಷೆ ಹಾಲಲ್ಲಿ ಕುರ್ಚಿ ಕಿರುಗುಟ್ಟಿ ಮಕ್ಕಳಿಗೆ ತೊಂದ್ರೆ ಆಗುತ್ತೆ ಅಂತ ಮೇಲಿಂದ ಆರ್ಡರ್ ಬಂದಿದೆಯಮ್ಮ. ಎಲ್ಲಾ ಶಾಲೆಗೂ."

"ಹಾಗಾದ್ರೆ ಮುಂದಿನ ವರ್ಷನೂ ಬೇಕಾಗುತ್ತಾ?"

"ಎಲ್ಲಿಂದ! ರಜೆ ಮುಗಿಯೋಷ್ಟರಲ್ಲಿ ರಬ್ಬರ್ ಕಾಲಿನ ಹೊಸ ಕುರ್ಚಿನೇ ಬರ್ತವೆ. ಇದು ಈ ಪರೀಕ್ಷೆ ಕಳೆಯೋವರೆಗೆ ಅಷ್ಟೇ."

ಫೋನ್ ಇಟ್ಟ ಟೈಲರಮ್ಮ ಹೊಸ ಬಟ್ಟೆಗೆಂದು ಬರೆದಿಟ್ಟ ಚೀಟಿಯನ್ನು ಹರಿದು ಹಾಕಿದಳು. ಮನೆಯಲ್ಲಿದ್ದ ಬೂದು ಬಟ್ಟೆಯನ್ನು ಚಿಂದಿಯೂ ಬಿಡದಂತೆ ಹೊಲಿದು ಕಳಿಸಿದಳು. ಅದರಾಚೆಗೆ ಒಂದು ಮೊಳವನ್ನೂ ತರಿಸಲಿಲ್ಲ.

ಅಷ್ಟರಲ್ಲಿ ಬೀಗಿತ್ತಿಯ ಫೋನ್ ಬಂತು. ನಾಳೆ ಆ ಕಡೆ ಬರುವ ಕೆಲಸವಿದೆ, ಒಂದು ಗಳಿಗೆ ಬಂದು ಹೋಗುತ್ತೇನೆ ಎಂದಳು. ಮೂಗು ತೂರಿಸಲು ಬರುತ್ತಿದ್ದಾಳೆಂದು ಟೈಲರಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಗಂಡನನ್ನು ಕಿರಾಣಿ ಅಂಗಡಿಗೆ ಓಡಿಸಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತರಿಸಿದಳು. ಒಂದೊಂದಕ್ಕೂ ಟೇಪು ಸುತ್ತಿಸಿ, ಮೇಲೆ 'ಬೂದು' ಎಂದು ದಪ್ಪಕ್ಷರದಲ್ಲಿ ಬರೆಸಿದಳು.

"ಒಳಗೆ ಬರೀ ಗಾಳಿ ಇದೆಯಲ್ಲೇ," ಎಂದ ಗಂಡ.

"ಅವಳು ಜನಕ್ಕೆ ಮಾರಿದ್ದೂ ಅದನ್ನೇ ಅಲ್ವಾ? ಜೋಡಿಸಿ ಸುಮ್ನೆ."

ಮರುದಿನ ಬೀಗಿತ್ತಿ ಹೊಸ್ತಿಲಲ್ಲೇ ನಿಂತಳು. ಸೂರು ಮುಟ್ಟುವಂತೆ ಪೇರಿಸಿದ್ದ ಪೆಟ್ಟಿಗೆಗಳನ್ನು ನೋಡಿ ಅವಳ ಕಣ್ಣು ತಟ್ಟೆಯಷ್ಟಾಯಿತು.

"ಇದೆಲ್ಲಾ ಆರ್ಡರ್ರಾ ಬೀಗರೇ?"

"ಈ ವಾರದ್ದು. ನಾನೊಬ್ಬಳು ಎಷ್ಟು ಅಂತ ಹೊಲೀಲಿ ಹೇಳಿ? ಅರ್ಧಕ್ಕರ್ಧ ಕೈ ಬಿಟ್ಟುಹೋಗ್ತಿದೆ."

"ಯಾರು ತಗೋತಿದಾರೆ ಇಷ್ಟೊಂದು?"

"ಯಾರಿಗ್ಗೊತ್ತು? ಜನಕ್ಕೆ ಈಗ ಬುದ್ಧಿ ಬಂದಿದೆ. ಇನ್ಮೇಲೆ ಬೂದು ಬಣ್ಣದ್ದೇ ಕಾಲ ಅನ್ಸುತ್ತೆ."

ಬೀಗಿತ್ತಿ ಟೀ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತಳು. "ಹಾಗಾದ್ರೆ ನಾನೂ ಸ್ವಲ್ಪ ಜಾಸ್ತಿ ತರಿಸ್ಬೋದು ಅಂತೀರಾ?"

ಟೈಲರಮ್ಮನ ಕಣ್ಣ ಮುಂದೆ ಮಗಳ ಮುಖ ಹಾದುಹೋಯಿತು. ಬೇಡ ಎನ್ನಲು ಅದೊಂದು ಗಳಿಗೆ ಸಾಕಿತ್ತು. ಆದರೆ ಗಂಟಲಿನ ಮುಳ್ಳು ಆಗಲೇ ಚುಚ್ಚಿತು.

"ಸ್ವಲ್ಪ ಯಾಕೆ ಬೀಗರೇ? ಗಿರಣಿಯವರು ಕೊಟ್ಟಷ್ಟೂ ತಗೊಳ್ಳಿ," ಎಂದಳು, ಜೇನು ಸುರಿಸಿದ ಹಾಗೆ.

ಬೀಗಿತ್ತಿ ಅಂಗಡಿಯ ಮೇಲೆ ಸಾಲ ಎತ್ತಿ ಲಾರಿಗಟ್ಟಲೆ ತರಿಸಿದಳು. ಪರೀಕ್ಷೆ ಮುಗಿಯಿತು. ನಲ್ಲಿ ತಿರುಗಿಸಿದಂತೆ ಆರ್ಡರ್ ನಿಂತವು. ಅವಳು ಬೆಲೆ ಇಳಿಸಿದಳು, ಮತ್ತೂ ಇಳಿಸಿದಳು, ಜಾಹೀರಾತಿಗೆ ಸುರಿದಳು. ಕುರ್ಚಿಗಳಿಗೆ ಚಳಿ ಬಿಟ್ಟುಹೋಗಿತ್ತು. ಮಾರಾಟವಾಗದ ಮಾಲನ್ನು ಆನ್‌ಲೈನ್ ಗೋದಾಮಿನವರು ಬಾಡಿಗೆ ಹಾಕಿ ವಾಪಸ್ ಕಳಿಸಿದರು. ಅಂಗಡಿಯ ಮೇಲಂತಸ್ತು ತುಂಬಿ, ಮೆಟ್ಟಿಲು ತುಂಬಿ, ಪೆಟ್ಟಿಗೆಗಳು ಮನೆಗೂ ಬಂದವು.

ಕೊನೆಗೆ ಬೀಗಿತ್ತಿಯೇ ಫೋನ್ ಮಾಡಿದಳು. ದನಿಯಲ್ಲಿ ಎರಡಂತಸ್ತಿನ ಗತ್ತು ಇರಲಿಲ್ಲ. "ಬೀಗರೇ, ನಿಮ್ಮ ರೇಟಿಂಗ್ ಚೆನ್ನಾಗಿದೆ. ಒಂದಿಷ್ಟು ಮಾಲು ನಿಮ್ಮ ಹೆಸರಲ್ಲಿ ಮಾರಿಕೊಡ್ತೀರಾ? ಏನು ಕೊಟ್ರೂ ಸರಿ."

ಟೈಲರಮ್ಮ ಮಷಿನ್ ನಿಲ್ಲಿಸಿದಳು. ಈ ಮಾತನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ಆಡಿ ನುಣುಪು ಮಾಡಿಟ್ಟುಕೊಂಡಿದ್ದಳು.

"ಅಯ್ಯೋ ಬೀಗರೇ, ನಂಗೂ ವಯಸ್ಸಾಯ್ತಲ್ಲ. ನೀವು ಹೇಳಿದ ಹಾಗೆ ಆರಾಮಾಗಿದ್ದೀನಿ."

ಅಂದು ಟೈಲರಮ್ಮನಿಗೆ ಊಟ ರುಚಿಸಿದಷ್ಟು ಎಂದೂ ರುಚಿಸಿರಲಿಲ್ಲ.

ಆರಾಮಾಗಿರುವುದೆಲ್ಲಿ ಬಂತು? ಆಗಲೇ ಅವಳು ಇಸ್ತ್ರಿ ಮೇಜಿನ ಹೊದಿಕೆ ಹೊಲಿಯಲು ಹತ್ತಿದ್ದಳು. ಕಾಲುಚೀಲ ಕೊಂಡವರು ಮತ್ತೆ ಕೊಳ್ಳುವುದು ಕಡಿಮೆ. ಇಸ್ತ್ರಿ ಮೇಜಿನ ಹೊದಿಕೆ ಹಾಗಲ್ಲ, ಸುಡುತ್ತಲೇ ಇರುತ್ತದೆ, ಜನ ಕೇಳುತ್ತಲೇ ಇರುತ್ತಾರೆ.

ಆ ವಾರವೇ ಮಗಳು ಬಂದಳು. ಕೈಚೀಲ ಕೂಡ ಕೆಳಗಿಡದೆ ಹೇಳಿದಳು: "ನಮ್ಮ ಮಂಚದ ಸುತ್ತಾ ಪೆಟ್ಟಿಗೆ ಅಮ್ಮ. ಅಡ್ಡಡ್ಡ ನಡ್ಕೊಂಡು ಹೋಗಿ ಮಲಗ್ತೀವಿ."

ಬೆಂಕಿ ಇಟ್ಟಿದ್ದು ಬೀಗಿತ್ತಿಯ ಮನೆಗೆ. ಆ ಮನೆಯೊಳಗೇ ಮಗಳೂ ಇದ್ದಾಳೆಂಬುದು ಈಗ ನೆನಪಾದಂತೆ ಟೈಲರಮ್ಮ ಕೂತಳು.

"ಶಾಲೆ ವಿಷಯ ನಿಂಗೆ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು," ಎಂದಳು ತಾಯಿ, ಬೈಗುಳಕ್ಕೆ ತಲೆ ತಗ್ಗಿಸಿ.

ಮಗಳು ಕತ್ತರಿ ಎತ್ತಿಕೊಂಡು ಹೊದಿಕೆಯ ದಾರದ ತುದಿಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. "ನಂಗೂ ಗೊತ್ತಿತ್ತು."

"ಏನಂದೆ?"

"ಅಂಗಡಿಗೂ ಶಾಲೆಯವರು ಫೋನ್ ಮಾಡಿದ್ರು. ರಬ್ಬರ್ ಕಾಲಿನ ಕುರ್ಚಿ ಬರುತ್ತೆ ಅಂತಾನೂ ಹೇಳಿದ್ರು. ಅತ್ತೆಗೆ ತಿಳಿಸೋಣ ಅಂತ ಎದ್ದು ಹೋದೆ. ಅವರು ಯಾರ ಹತ್ರಾನೋ ಹೇಳ್ತಿದ್ರು, 'ನನ್ನ ಸೊಸೆ ತವರಿನವರು ಹೊಲಿಗೆ ಜನ, ತಲೆ ಅಷ್ಟಕ್ಕಷ್ಟೇ' ಅಂತ. ವಾಪಸ್ ಬಂದು ಕೂತ್ಬಿಟ್ಟೆ."

ಟೈಲರಮ್ಮನಿಗೆ ನಗು ಉಕ್ಕಿ ಬಂತು. ಅರ್ಧಕ್ಕೇ ನಿಂತಿತು. ಈ ಹುಡುಗಿ ಅದೇ ಅತ್ತೆಯೆದುರು ದಿನಾ ಕೂತು ಉಣ್ಣಬೇಕು, ಮುಖದಲ್ಲಿ ಏನನ್ನೂ ತೋರಿಸದೆ.

"ಗಂಡನಿಗೆ ಹೇಳಿದ್ಯಾ?"

"ಇಲ್ಲ."

"ಬೇಜಾರಾಗಲ್ವೇನೇ ನಿಂಗೆ?"

"ಅತ್ತೆ ಅಳೋದು ನೋಡಿದ್ರೆ ಆಗುತ್ತೆ. ಪೆಟ್ಟಿಗೆ ನೋಡಿದ್ರೆ ಖುಷಿ ಆಗುತ್ತೆ. ನಿಂಗೆ?"

"ನಂಗೆ ಬರೀ ಖುಷಿನೇ ಆಗಿತ್ತು," ಎಂದಳು ಟೈಲರಮ್ಮ, "ನೀನು ಬರೋ ತನಕ."

ಬೀಗಿತ್ತಿ ಕಡೆಗೆ ಇಡೀ ಮಾಲನ್ನು ತೂಕದ ಲೆಕ್ಕದಲ್ಲಿ ಚಿಂದಿ ಬಟ್ಟೆಯವನಿಗೆ ಹಾಕಿ, ಆನ್‌ಲೈನ್ ಸಹವಾಸಕ್ಕೆ ಕೈ ಮುಗಿದಳು. ಎರಡೂ ಮನೆಯವರು ಈಗಲೂ ಹೋಗಿ ಬಂದು ಮಾಡುತ್ತಾರೆ. ಕುರ್ಚಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಒಂದು ಮಧ್ಯಾಹ್ನ ಟೈಲರಮ್ಮ ಪಾರ್ಸೆಲ್ ಕೊಟ್ಟು ಬರುವಾಗ, ಗ್ಯಾರೇಜಿನ ಮುಂದೆ ಮೆಕ್ಯಾನಿಕ್ ಒಬ್ಬ ಬೂದು ಕಾಲುಚೀಲದಲ್ಲಿ ಕೈಯ ಜಿಡ್ಡು ಒರೆಸಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಅವನ ಕಾಲ ಬಳಿ ಅಂಥದೇ ಒಂದು ಮೂಟೆ.

"ಏನಮ್ಮ ಬೇಕಿತ್ತು?"

"ಏನಿಲ್ಲಪ್ಪ. ಆ ಬಟ್ಟೆ ಚೆನ್ನಾಗಿದ್ಯಾ?"

"ಎಲ್ಲಿ ಚೆನ್ನಾಗಿರುತ್ತೆ? ಎಣ್ಣೇನೇ ಹೀರಲ್ಲ. ದುಡ್ಡು ದಂಡ."

ತಿರುವು ದಾಟುವವರೆಗೆ ಅವಳು ತಡೆದುಕೊಂಡಳು. ಆಮೇಲೆ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗಳಿಗೆ ಹೇಳಲೇಬೇಕೆಂದು ಫೋನ್ ಕೈಗೆತ್ತಿಕೊಂಡವಳು, ಅದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಅತ್ತೆಯೆದುರು ಬಚ್ಚಿಡಲು ಮಗಳಿಗೆ ಇನ್ನೊಂದು ಗುಟ್ಟು ಯಾಕೆ, ಈ ನಗು ತನ್ನೊಬ್ಬಳದೇ ಆಗಿರಲಿ ಎನಿಸಿತು.