ತಳೇಗಾಂವದ ಅನುಸೂಯಕ್ಕ

"ಹೆಸರು ಹೇಳಿ ಆಂಟಿ," ಎಂದಳು ಬಾಗಿಲಲ್ಲಿ ಕೂತಿದ್ದ ಹುಡುಗಿ. ಅವಳ ಒಂದು ಕೈಯಲ್ಲಿ ಬಿಳಿ ಸ್ಟಿಕರುಗಳ ಕಟ್ಟು, ಇನ್ನೊಂದರಲ್ಲಿ ದಪ್ಪ ಸ್ಕೆಚ್ ಪೆನ್ನು.

"ಅನುಸೂಯಾ."

"ಯಾವ ಏರಿಯಾ? ಎರಡೂ ಬರೀಬೇಕು. ಇಲ್ಲಿ ಯಾರಿಗೂ ಯಾರ ಮುಖಾನೂ ಗೊತ್ತಿಲ್ಲ, ಅದಕ್ಕೆ."

"ತಳೇಗಾಂವ."

ಪೆನ್ನು ಸ್ಟಿಕರಿನ ಮೇಲೆಯೇ ನಿಂತಿತು. ಅದರ ತುದಿಯಿಂದ ನೀಲಿ ಚುಕ್ಕೆಯೊಂದು ಹರಡತೊಡಗಿತು. ಹುಡುಗಿ ತಲೆಯೆತ್ತಿ ನೋಡಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಒಳಗೆ ಕೂಗಿದಳು. "ಅಂಬಾರಾಯಣ್ಣಾ! ಬಂದ್ರು! ತಳೇಗಾಂವದ ಅನುಸೂಯಕ್ಕ ಬಂದ್ಬಿಟ್ರು!"

ಮರುಕ್ಷಣ ಹೆಂಗಸರು, ಗಂಡಸರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರು ಎಲ್ಲರೂ ಬಾಗಿಲಿಗೆ ನುಗ್ಗಿದರು. ಯಾರೋ ಅನುಸೂಯಾಳ ಕೈ ಹಿಡಿದರು. ಯಾರೋ ಗಲ್ಲ ಮುಟ್ಟಿ ಲಟಿಕೆ ಮುರಿದರು. ಹುಡುಗಿ ಸ್ಟಿಕರನ್ನು ಅವಳ ಸೆರಗಿಗೆ ಅಂಟಿಸಿದಳು.

"ಯವ್ವಾ, ಎಷ್ಟು ಸಣ್ಣಾಕಿ ಇದ್ದಾಳ! ನಾ ಅಜ್ಜಿ ಇರಬೇಕು ಅನ್ಕೊಂಡಿದ್ದೆ."

"ಮಾತು ಕೇಳಿದ್ರ ಹಂಗೇ ಅನಸ್ತಿತ್ತು ಬಿಡು."

"ಅಕ್ಕಾರ, ಒಂದು ಸೆಲ್ಫೀರಿ. ನಮ್ಮವ್ವಗ ಕಳಸ್ತೀನಿ, ನಂಬಂಗಿಲ್ಲ ಆಕಿ."

ಅನುಸೂಯಾ ಹಿಂತಿರುಗಿ ಗಂಡನನ್ನು ಹುಡುಕಿದಳು. ಬೆನ್ನ ಹಿಂದೆಯೇ ಇದ್ದ ಭೀಮು ಈಗ ಚಪ್ಪಲಿಗಳ ರಾಶಿಯ ಆಚೆ ಗೋಡೆಗೆ ಅಂಟಿಕೊಂಡು, ತನ್ನದೇ ಕಾಲ್ಬೆರಳುಗಳನ್ನು ನೋಡುತ್ತ ನಿಂತಿದ್ದ.

ಅದೊಂದು ಶ್ರದ್ಧಾಂಜಲಿ ಸಭೆ. ಸತ್ತವರ ಹೆಸರು ಮನೋಹರ ಎಂಬುದು ಬಿಟ್ಟರೆ ಅವಳಿಗೆ ಹೆಚ್ಚು ಗೊತ್ತಿರಲಿಲ್ಲ. ಧನಕವಡಿಯ ಸಣ್ಣ ಬಾನುಲಿ ಕೇಂದ್ರವೊಂದರಿಂದ ದಿನಾ ಸಂಜೆ ಏಳಕ್ಕೆ 'ಉಂಡ್ರೇನ್ರಿ' ಎಂಬ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದವರಂತೆ. ಪುಣೆಯ ಕನ್ನಡದ ಮಂದಿ ತಮ್ಮ ಮನೆಯ ಮಾತನ್ನು ಫೋನಿನಲ್ಲಿ ಬರೆದು ಕಳಿಸುತ್ತಿದ್ದರು. ಅವರು ಹೆಸರು, ಏರಿಯಾ ಹೇಳಿ ಓದುತ್ತಿದ್ದರು. ಅದರ ತರಂಗ ತಳೇಗಾಂವದವರೆಗೆ ಬಾರದ್ದರಿಂದ ಭೀಮು ಆ್ಯಪಿನಲ್ಲಿ ಕೇಳುತ್ತಿದ್ದ. ಫ್ಯಾಕ್ಟರಿಯಲ್ಲಿ ಪ್ರೆಸ್ ಮಶಿನ್ನಿನ ಪಾಳಿ ಮುಗಿಸಿ ಬಂದು, ಬಲಕ್ಕೆ ಗೋಡೆ, ಎಡಕ್ಕೆ ಒಲೆ ಬರುವ ಹಾಗೆ ಊಟಕ್ಕೆ ಕೂತನೆಂದರೆ ಬಲಗಿವಿಯಲ್ಲಿ ಇಯರ್‌ಫೋನು. ಅದರ ಇನ್ನೊಂದು ತುದಿ ಎದೆಯ ಮೇಲೆ ಸುಮ್ಮನೆ ತೂಗುತ್ತಿರುತ್ತಿತ್ತು. ಅನುಸೂಯಾ ಒಲೆಯ ಮುಂದೆ ಮೆಸ್ಸಿನವರಿಗೆ ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು. ಮೆಸ್ಸಿನ ಮಾಲೀಕನ ಬಗ್ಗೆ, ಬಿಲ್ಡಿಂಗಿನ ನೀರಿನ ಬಗ್ಗೆ, ಊರಲ್ಲಿರುವ ಅತ್ತೆಯ ಬಗ್ಗೆ. ಅವನು ಹ್ಞೂಂ ಎಂದೂ ಅನ್ನುತ್ತಿರಲಿಲ್ಲ. "ಇನ್ನೊಂದು ಕಿವ್ಯಾಗೂ ತುರುಕ್ಕೋ. ಪೂರಾ ಕಿವುಡ ಆಗು," ಎಂದು ಬೈದರೂ ಅವನು ರೊಟ್ಟಿ ಮುರಿಯುತ್ತಿದ್ದ.

ಬುಧವಾರ, ಮುರಿಯುವ ಕೈ ಬೇಳೆಯಲ್ಲೇ ನಿಂತಿತ್ತು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು. ಅಪ್ಪ ಸತ್ತಾಗಲೂ ಅಳದವನು. "ಮನೋಹರಣ್ಣ ಹೋದ," ಎಂದ, ಅಷ್ಟೇ. ಇಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಾಗ ಅವಳು ತಾನೂ ಬರುತ್ತೇನೆಂದಳು. "ನೀ ಬ್ಯಾಡ," ಎಂದ. ಮದುವೆಯಾದಾಗಿನಿಂದ ಅವಳಿಗೆ ಯಾವುದನ್ನೂ ಬೇಡ ಎನ್ನದ ಮನುಷ್ಯ! ಅಲ್ಲಿ ಯಾವಳೋ ಇದ್ದಾಳೆ ಎಂದುಕೊಂಡು ಅವಳು ಇಳಕಲ್ ಸೀರೆ ಉಟ್ಟೇ ಹೊರಟಿದ್ದಳು. ಲೋಕಲ್ ಟ್ರೇನಿನಲ್ಲಿ ಭೀಮು ಏನೋ ಹೇಳಲು ಬಾಯಿ ತೆರೆದು, ಪ್ರತಿ ಸಲವೂ ಬರಲಿರುವ ಸ್ಟೇಶನ್ನಿನ ಹೆಸರು ಹೇಳಿ ಸುಮ್ಮನಾಗಿದ್ದ.

ಸಭೆ ನಡೆದದ್ದು ಮಂಗಲ ಕಾರ್ಯಾಲಯವೊಂದರಲ್ಲಿ. ಹಿಂದಿನ ದಿನದ ಮದುವೆಯ ಮಂಟಪವನ್ನು ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಎರಡು ಸಿಂಹಾಸನಗಳಿದ್ದವು. ವರನ ಸಿಂಹಾಸನದಲ್ಲಿ ಮನೋಹರಣ್ಣನ ಫೋಟೋ ಇಟ್ಟು ಹಾರ ಹಾಕಿದ್ದರು. ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸು: 'ಭಾವಪೂರ್ಣ ಶ್ರದ್ಧಾಂಜಲಿ'. ಕೇಂದ್ರದಲ್ಲಿ ಅವರದೊಂದು ಪಾಸ್‌ಪೋರ್ಟ್ ಸೈಜಿನ ಚಿತ್ರ ಮಾತ್ರ ಸಿಕ್ಕಿತ್ತು. ಹಿಗ್ಗಿಸಿದರೆ ಮುಖ ಮಂಜಾಗುತ್ತದೆಂದು ಮೂಲೆಯಲ್ಲಿ ಸಣ್ಣದಾಗಿ ಕೂರಿಸಿದ್ದರು. ಕೆಳಗೆ ಈ ಊರಿನ ಪದ್ಧತಿಯಂತೆ ಫ್ಲೆಕ್ಸು ಹಾಕಿಸಿದವರ ಮುಖಗಳು. ಅವು ದೊಡ್ಡವು, ಹೊಳೆಯುವಂಥವು. ಎಲ್ಲರಿಗಿಂತ ದೊಡ್ಡ ಮುಖಕ್ಕೆ ಕಪ್ಪು ಕನ್ನಡಕ ಬೇರೆ ಇತ್ತು. ಅದರ ಅಡಿಯಲ್ಲಿ 'ದೇವಾನಂದ, ನಿಗಡಿ' ಎಂದು ಬರೆದಿತ್ತು.

ಅಳಲೆಂದು ಬಂದವರು ಅಳುತ್ತಿರಲಿಲ್ಲವೆಂದಲ್ಲ. ಆದರೆ ಪ್ರತಿ ಅಳುವಿನ ನಡುವೆ ಯಾರಾದರೊಬ್ಬರ ಎದೆಯ ಸ್ಟಿಕರು ಕಾಣುತ್ತಿತ್ತು.

"ಏ ಮಗನ! ನಿಗಡಿ ದೇವಾನಂದ ನೀನೇನು?"

"ಅಂಬಾರಾಯ? ಶೇಂಗಾ ಹಿಂಡಿಗಿ ಬಳ್ಳೊಳ್ಳಿ ಬ್ಯಾಡ ಅಂದಾವ?"

ಗಾರೆ ಕೆಲಸದ ಮೇಸ್ತ್ರಿ ಅಂಬಾರಾಯನಿಗೂ ಟೆಂಪೊ ಓಡಿಸುವ ದೇವಾನಂದನಿಗೂ ಶೇಂಗಾ ಚಟ್ನಿಪುಡಿಗೆ ಹಾಕುವ ಬೆಳ್ಳುಳ್ಳಿಯ ವಿಷಯಕ್ಕೆ ಇಡೀ ಮಳೆಗಾಲ ಬಾನುಲಿಯಲ್ಲಿ ಜಗಳ ನಡೆದಿತ್ತಂತೆ. ಇಬ್ಬರೂ ತಬ್ಬಿಕೊಂಡು ಗಳಗಳ ಅತ್ತರು. "ಅಂವ ಇಲ್ದ ನಮ್ಮ ಜಗಳಾ ಯಾರು ಬಗಿಹರಸ್ತಾರೋ," ಎಂದ ಅಂಬಾರಾಯ. "ಬಗಿಹರಸೂದೇನದ? ಬಳ್ಳೊಳ್ಳಿ ಬೇಕೇ ಬೇಕು," ಎಂದ ದೇವಾನಂದ, ಮೂಗು ಒರೆಸಿಕೊಳ್ಳುತ್ತ. ಸುತ್ತಲಿನವರು ನಕ್ಕರು. ಹಾರ ಹಾಕಿದ ಫೋಟೋ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಮತ್ತೆ ನಕ್ಕರು.

ಅಂಬಾರಾಯ ಅನುಸೂಯಾಳತ್ತ ತಿರುಗಿದ. "ಅಕ್ಕಾರ, ನಾ ಸೈಟಿನ್ಯಾಗ ನಿಮ್ಮ ಲಿಫ್ಟಿನ ಮಾತು ಹೇಳದ ಒಂದು ದಿನಾ ಇಲ್ರಿ. 'ನಮ್ಮ ಬಿಲ್ಡಿಂಗಿನ ಲಿಫ್ಟು ನಮ್ಮತ್ತಿ ಇದ್ದಂಗ. ಕರದಾಗ ಬರಂಗಿಲ್ಲ, ಬ್ಯಾಡಂದಾಗ ಬಂದು ಬಾಗಲಾ ತಗದು ನಿಂದರ್ತದ!'"

ಎಲ್ಲರೂ ಅವಳ ಮುಖ ನೋಡುತ್ತ ನಕ್ಕರು. ಅದು ಅವಳ ಮಾತು. ದೀಪಾವಳಿಯ ಹೊತ್ತಿಗೆ, ಒಲೆಯ ಮುಂದೆ, ಗೋಡೆಗೆ ಹೇಳಿದ ಹಾಗೆ ಹೇಳಿದ್ದು.

"ಅದಕ್ಕಿಂತ ಮಧ್ಯಾಹ್ನದ್ದು ಚಲೋ ಅದ," ಎಂದಳು ಒಬ್ಬಾಕೆ. "'ಪುಣೇದಾಗ ಒಂದರಿಂದ ನಾಕರ ತನಕ ಅಂಗಡಿ ಅಷ್ಟೇ ಅಲ್ಲ, ದೇವರೂ ಬಂದ್. ಅದಕ್ಕೇ ನಾ ಮಧ್ಯಾಹ್ನ ಬೇಡಿಕೊಂಡದ್ದು ಒಂದೂ ಆಗಿಲ್ಲ.'"

ಅದೂ ಅವಳದೇ. ಇಲ್ಲಿ ಯಾವಳೋ ಇದ್ದದ್ದು ನಿಜ. ಅವಳ ಹೆಸರು ಅನುಸೂಯಾ.

ಅವಳು ಕೈ ಬಿಡಿಸಿಕೊಂಡು ಜನರನ್ನು ಸರಿಸುತ್ತ ಚಪ್ಪಲಿಗಳ ಕಡೆಗೆ ನಡೆದಳು. ಭೀಮು ಅಲ್ಲೇ ಇದ್ದ.

"ಮನಿ ಮಾತೆಲ್ಲಾ ಊರ ತುಂಬ ಹಂಚಿದ್ಯಾ?"

ಅವನು ಕಾಲ್ಬೆರಳಿನಿಂದ ಒಂದು ಚಪ್ಪಲಿಯನ್ನು ನೆಟ್ಟಗೆ ಮಾಡಿದ.

"ನಿಮ್ಮವ್ವನ ಕಿವಿಗಿ ಬಿದ್ರ ನಾ ಊರಿಗಿ ಹ್ಯಾಂಗ ಹೋಗ್ಲಿ? ಆ ಮೆಸ್ಸಿನಾಂವ ಕೇಳಿದ್ರ ನಾಳಿಂದ ರೊಟ್ಟಿ ಬ್ಯಾಡ ಅಂತಾನ. ಯೋಚನಾ ಮಾಡಿದ್ಯಾ? ಅದೂ ನನ್ನ ಹೆಸರಲೆ! ನಿನಗ ಹೆಸರಿಲ್ಲೇನು?"

"ಮಾತು ನಿನ್ನವು," ಎಂದ ಭೀಮು. "ನನ್ನ ಹೆಸರು ಹ್ಯಾಂಗ ಹಾಕ್ಲಿ?"

ವೇದಿಕೆಯಿಂದ ಮೈಕು ಕಿರುಚಿತು. ಅನುಸೂಯಕ್ಕ ಈಗ ಎರಡು ಮಾತಾಡುತ್ತಾರೆಂದು ಅಂಬಾರಾಯ ಸಾರುತ್ತಿದ್ದ. ಚಪ್ಪಾಳೆ ಬಿತ್ತು. ಶ್ರದ್ಧಾಂಜಲಿಗೆ ಚಪ್ಪಾಳೆ ಹೊಡೆಯಬಾರದೆಂದು ಯಾರೋ ಗದರಿದರು. ಚಪ್ಪಾಳೆ ಇನ್ನೂ ಜೋರಾಯಿತು.

"ಹೋಗಿ ಎಲ್ಲಾ ಹೇಳ್ತೀನಿ," ಎಂದಳು ಅನುಸೂಯಾ. "ಈ ಮಂದಿ ಮುಂದ. ಆಕಿ ನಾ ಅಲ್ಲ, ನನ್ನ ಗಂಡ ನನ್ನ ಹೆಸರು ಹೇಳಿ ನಿಮ್ಮನ್ನೆಲ್ಲಾ ಮಳ್ಳ ಮಾಡ್ಯಾನ ಅಂತೀನಿ."

"ಹೇಳು," ಎಂದ ಭೀಮು. ಅವನ ಎದೆಯ ಮೇಲೆ ಸ್ಟಿಕರು ಇರಲಿಲ್ಲ.

ಅಂಬಾರಾಯ ಅವಳನ್ನು ಕರೆದೊಯ್ದು ವಧುವಿನ ಸಿಂಹಾಸನದಲ್ಲಿ ಕೂರಿಸಿದ. ಪಕ್ಕದಲ್ಲಿ ಹಾರ ಹಾಕಿದ ಫೋಟೋ. ಕೈಗೆ ಮೈಕು ಬಂತು. ಎದುರಿಗೆ ಅಷ್ಟೊಂದು ಮುಖಗಳು, ಅಷ್ಟೊಂದು ಫೋನುಗಳು ಅವಳ ಬಾಯನ್ನೇ ಕಾಯುತ್ತಿದ್ದವು. ಅವಳಿಗೆ ಮೊದಲು ನೆನಪಾದದ್ದು ಬೆನ್ನ ಹಿಂದಿನ ಫ್ಲೆಕ್ಸು. ಕತ್ತು ತಿರುಗಿಸಿ ಮೂಲೆಯ ಆ ಸಣ್ಣ ಮುಖವನ್ನು ನೋಡಿದಳು. ಬೋಳು ತಲೆ, ದೊಡ್ಡ ಕಿವಿಗಳು.

"ಸತ್ತಾಂವ ಯಾರು ಅಂತ ತಿಳೀದಂಗಾಗ್ಯದ್ರಿ," ಎಂದಳು, ತನಗೇ ಹೇಳಿಕೊಂಡಂತೆ. "ಅಲ್ಲಿ ಕೆಳಗ ಕರೇ ಕನ್ನಡಕದಾಂವ ಕಾಣಸ್ತಾನ, ಅಂವಗ ಹಾರಾ ಹಾಕ್ಬೇಕಾಗಿತ್ತೇನು?"

ಸಭಾಂಗಣ ಸಿಡಿಯಿತು. ದೇವಾನಂದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. "ಆಕೀನೇ! ಪಕ್ಕಾ ಆಕೀನೇ!" ಎಂದು ಹೆಂಗಸೊಬ್ಬಳು ಪಕ್ಕದವಳ ತೊಡೆಗೆ ಬಡಿದಳು.

ಅನುಸೂಯಾ ಎದ್ದು ನಿಂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಗಬ್ಯಾಡ್ರಿ. ನಾ ಖರೇ ಹೇಳಾಕತ್ತೀನಿ. ಈ ಮನೋಹರಣ್ಣನ ದನಿ ನಾ ಒಂದಿನಾನೂ ಕೇಳಿಲ್ಲ."

ನಗು ಇಮ್ಮಡಿಯಾಯಿತು. ಮಗುವೊಂದು ಬೆದರಿ ಅಳತೊಡಗಿತು.

"ಖರೇನ್ರಿ! ಕೇಳಾಂವ ನನ್ನ ಗಂಡ. ನಾ ಬರೇ ಮಾತಾಡಾಕಿ. ಬರದು ಕಳಿಸಿದಾಂವನೂ ಅಂವನೇ. ಅಂವಗ ಏನೂ ಕೇಳಸಂಗಿಲ್ಲ ಅಂತ ನಾ..."

ಹೇಳುತ್ತಿದ್ದಂತೆ ಅವಳ ಕಣ್ಣು ಚಪ್ಪಲಿಗಳ ಕಡೆಗೆ ಹೋಯಿತು. ಜನ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಅವರಿಗೆ ಇದೂ ಅನುಸೂಯಕ್ಕನ ಮಾತೇ. ಬಾಗಿಲಲ್ಲಿ ಕೂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಅಪೂರ್ವ ಎಂದು ಅವಳ ಹೆಸರು. ಹಿಂಜವಡಿಯಲ್ಲಿ ಕೆಲಸ ಮಾಡುತ್ತ, ರಜೆಯಲ್ಲಿ ಕೇಂದ್ರದ ಆ್ಯಪ್ ನೋಡಿಕೊಳ್ಳುವವಳು. ಅವಳು ವೇದಿಕೆಯ ಬದಿಗೆ ಬಂದು ಅನುಸೂಯಾಳ ಕಿವಿಯಲ್ಲಿ ಕೇಳಿದಳು. "ಸೀರಿಯಸ್ಲಿ? ಒಂದ್ ಸಲಾನೂ ಕೇಳಿಲ್ವಾ?"

"ದೇವರಾಣಿ ಇಲ್ಲವ್ವಾ."

"ಒಂದ್ ನಿಮಿಷ." ಅಪೂರ್ವ ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕಿದಳು. "ನಮ್ ಟೀಮ್ ಫೇವರಿಟ್ ಇದು. ಕೇಳಿ."

ಸ್ಪೀಕರುಗಳು ಗುಂಯ್‌ಗುಟ್ಟಿದವು. ಆಮೇಲೆ ಗೊಗ್ಗರು ದನಿಯೊಂದು, ಈಗಷ್ಟೇ ಚಹಾ ಕುಡಿದಂಥದು, ಸಭಾಂಗಣದೊಳಗೆ ನಡೆದು ಬಂತು. "ಉಂಡ್ರೇನ್ರಿ? ತಳೇಗಾಂವದ ನಮ್ಮ ಅನುಸೂಯಕ್ಕ ಇವತ್ತ ಏನಂತಾಳ ಕೇಳ್ರಿ. 'ಅಣ್ಣಾರ, ನನ್ನ ಗಂಡನ ಜೋಡಿ ಮಾತಾಡೂದಂದ್ರ, ಬಂದ್ ಬಿದ್ದ ಫೋನಿಗಿ ರಿಚಾರ್ಜ್ ಮಾಡಿಸಿದಂಗ.'" ದನಿ ಓದಲಾಗದೆ ನಕ್ಕಿತು. ಉಸಿರು ಸಿಗದೆ ಕೆಮ್ಮಿತು. ಕೆಳಗೆ ಕೂತವರು ಆ ನಗುವಿಗೆ ತಾವೂ ನಗುತ್ತ, ನಗುತ್ತಲೇ ಅಳತೊಡಗಿದರು. "ಅಕ್ಕಾ," ಎಂದಿತು ದನಿ, ಸಾವರಿಸಿಕೊಂಡು. "ಆ ಫೋನು ಬಂದ್ ಬಿದ್ದಿಲ್ಲ ನೋಡು. ಸೈಲೆಂಟಿನ್ಯಾಗ ಅದ. ನೀ ಮಾತಾಡ್ತಾ ಇರು."

ಆ ಮಾತನ್ನು ಅವಳು ಯಾವಾಗ ಆಡಿದ್ದಳೋ ನೆನಪಿರಲಿಲ್ಲ. ಆಡಿದಾಗ ಸಿಟ್ಟಿತ್ತು, ರೊಟ್ಟಿಯನ್ನು ಹಂಚಿನ ಮೇಲೆ ಎತ್ತಿ ಹಾಕಿದ್ದಷ್ಟು ನೆನಪು. ಅವನು ಅದನ್ನೂ ಕಳಿಸಿದ್ದ.

"ಗಂಡ ಎಲ್ಲದಾನ್ರಿ? ಸೈಲೆಂಟ್ ಫೋನು ಎಲ್ಲಿ?" ಎಂದು ಕೂಗು ಎದ್ದಿತು. "ತೋರಸ್ರಿ ಅಕ್ಕಾ!" ತಲೆಗಳು ಅತ್ತಿತ್ತ ತಿರುಗಿದವು. ಚಪ್ಪಲಿಯ ರಾಶಿಯ ಹಿಂದೆ ಭೀಮು ಗೋಡೆಯೊಳಗೆ ಹೋಗುವವನ ಹಾಗೆ ನಿಂತಿದ್ದ. ಅವನು ಅವಳನ್ನೇ ನೋಡುತ್ತಿದ್ದ.

ಅನುಸೂಯಾ ಮೈಕನ್ನು ಬಾಯಿಯ ಹತ್ತಿರ ತಂದಳು.

"ಅಂವ ಬಂದಿಲ್ರಿ," ಎಂದಳು. "ಚಾರ್ಜಿಗಿ ಇಟ್ಟು ಬಂದೀನಿ."

ಆ ನಗುವಿನಲ್ಲಿ ವಧುವಿನ ಸಿಂಹಾಸನದ ಮೇಲಿನ ಪ್ಲಾಸ್ಟಿಕ್ ಹೂವು ಕಳಚಿ ಬಿತ್ತು. ಅಂಬಾರಾಯ ಅದನ್ನೆತ್ತಿ ಫೋಟೋದ ಮುಂದೆ ಇಟ್ಟ.

ಮರಳುವಾಗ ಲೋಕಲ್ಲಿನಲ್ಲಿ ಭಾನುವಾರದ ಜನ. ಶಿವಾಜಿನಗರದಲ್ಲಿ ಒಂದು ಬೆಂಚು ಖಾಲಿಯಾದ ಕೂಡಲೇ ಅನುಸೂಯಾ ನುಗ್ಗಿ ಕಿಟಕಿ ಹಿಡಿದಳು. ಭೀಮು ಅವಳ ಎಡಕ್ಕೆ ಕೂತ. ಅವಳ ಸೆರಗಿನ ಮೇಲೆ ಸ್ಟಿಕರು ಹಾಗೇ ಇತ್ತು. ಎದುರಿಗೆ ಕೂತ ಮರಾಠಿ ಮುದುಕ ಅದರ ಅಕ್ಷರಗಳನ್ನು ಓದಲು ಪ್ರಯತ್ನಿಸುತ್ತಿದ್ದ. ಖಡಕಿ ಹೋಯಿತು, ದಾಪೋಡಿ ಹೋಯಿತು.

ಏಳಾಗುತ್ತಿದ್ದಂತೆ ಭೀಮು ಜೇಬಿನಿಂದ ಇಯರ್‌ಫೋನು ತೆಗೆದ. ಸಿಕ್ಕು ಬಿಡಿಸಿ, ಎಂದಿನ ಹಾಗೆ ಬಲಗಿವಿಗೆ ಹಾಕಿಕೊಂಡ. ಫೋನಿನಲ್ಲಿ ಆ್ಯಪ್ ತೆರೆದುಕೊಂಡಿತು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಆ ಅಂಬಾರಾಯನ ಮೀಸಿ ನೋಡಿದ್ಯಾ?" ಎಂದಳು ಅನುಸೂಯಾ, ಕಿಟಕಿಯ ಹೊರಗೆ ನೋಡುತ್ತಲೇ. "ಅಳೂಮುಂದ ಒಂದು ಕಡಿ ತೊಯ್ತು, ಇನ್ನೊಂದು ಕಡಿ..."

ಪಕ್ಕದಲ್ಲಿ ಏನೋ ಅಲುಗಿದಂತಾಗಿ ತಿರುಗಿದಳು. ಭೀಮು ಬಲಗಿವಿಯಿಂದ ತಂತಿ ತೆಗೆದು ಎಡಗಿವಿಗೆ ಹಾಕಿಕೊಳ್ಳುತ್ತಿದ್ದ. ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ನೆಟ್ಟಗೆ ಎದುರು ನೋಡುತ್ತ ಕೂತ.

ಗಾಡಿ ಪಿಂಪರಿ ದಾಟುತ್ತಿತ್ತು. ಸ್ಟೇಶನ್ನಿನ ದೀಪಗಳು ಒಂದೊಂದಾಗಿ ಅವಳ ಕಡೆಗಿದ್ದ ಅವನ ಖಾಲಿ ಕಿವಿಯ ಮೇಲೆ ಹಾದುಹೋದವು.