ಗಜದ ಮೇಲೆ ನಾಲ್ಕು ಬೆರಳು

ಇಪ್ಪತ್ತೊಂಬತ್ತು ಲಂಗ ಆಯಿತು, ಮೂವತ್ತನೆಯದಕ್ಕೆ ಬಟ್ಟೆ ಸಾಲಲಿಲ್ಲ. ಬೆಳಿಗ್ಗೆಯಿಂದ ಬಗ್ಗಿ ಕತ್ತರಿ ಆಡಿಸಿ ಸೊಂಟ ಬಿದ್ದುಹೋಗಿತ್ತು, ಇದೊಂದು ಬೇಕಾಗಿತ್ತು ನನಗೆ! ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕುಣಿಯುವ ಮೂವತ್ತು ಹುಡುಗಿಯರಿಗೆ ತಲಾ ಎರಡು ಮೀಟರಿನಂತೆ ಅರವತ್ತು ಮೀಟರ್ ತಂದಿದ್ದೆ. ಕೊನೆಗೆ ಉಳಿದದ್ದು ನಲವತ್ತೆರಡು ಇಂಚು. ಬೇಕಾದದ್ದು ಎಪ್ಪತ್ತೆಂಟು. ಲೆಕ್ಕ ಹಾಕಿದರೆ ಮೂವತ್ತಾರು ಇಂಚು, ಸರಿಯಾಗಿ ಒಂದು ಗಜ ಕಮ್ಮಿ.

ದಾದಾಸಾಬ ಕಾಕಾ ಕತ್ತರಿಸಿದ ಬಟ್ಟೆ ಕಮ್ಮಿ ಬಂತು ಅಂದರೆ ಯಲ್ಲಾಪುರ ಪೇಟೆಯಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಲಿಲ್ಲ. ನಲವತ್ತು ವರ್ಷದಿಂದ ಅವರು ಒಂದೇ ಬಟ್ಟೆ ಅಂಗಡಿಯ ಮೇಜಿನ ಹಿಂದೆ ನಿಂತಿದ್ದಾರೆ. ಕೈಯಲ್ಲಿ ಹಳೇ ಸಾಹುಕಾರರ ಕಾಲದ ಕಬ್ಬಿಣದ ಗಜಕಡ್ಡಿ. ಅದರ ಉದ್ದ ಮೂವತ್ತಾರು ಇಂಚು. ಮೀಟರು ಅಂದರೆ ಮೂವತ್ತೊಂಬತ್ತರ ಮೇಲೆ ಒಂದಿಷ್ಟು. ಆ ಹೆಚ್ಚಿನ ಮೂರು ಚಿಲ್ಲರೆ ಇಂಚಿಗೆ ಕಾಕಾ ಕಡ್ಡಿಯ ತುದಿಗೆ ತಮ್ಮ ನಾಲ್ಕು ಬೆರಳು ಜೋಡಿಸಿ ಇಡುತ್ತಾರೆ. ಗಜದ ಮೇಲೆ ನಾಲ್ಕು ಬೆರಳು, ಅದೇ ಒಂದು ಮೀಟರು. ಹೊಸ ಮೀಟರ್ ಕಡ್ಡಿ ಗೋಡೆಗೆ ನೇತಾಡುತ್ತ ಧೂಳು ತಿನ್ನುತ್ತದೆ.

ಈಗಿನ ಸಾಹುಕಾರ ಉಲ್ಲಾಸನಿಗೆ ಇದನ್ನು ಕಂಡರೆ ಆಗದು. ಹೋದ ತಿಂಗಳು ಗಿರಾಕಿಗಳ ಎದುರಿಗೇ ಹೇಳಿದ್ದ: "ಒಂದೇ ಒಂದು ದೂರು ಬಂದ್ರೂ ನೀವು ಮನೇಲಿ ಆರಾಮ ಕೂಡ್ರಿ." ಕಾಕಾ ಗಜಕಡ್ಡಿ ಇಟ್ಟು ಮುಂದಿನ ಮೀಟರು ಅಳೆದರು. ಆ ಮೇಜು ಬಿಟ್ಟರೆ ಅವರಿಗೆ ಬೇರೆ ಜಗತ್ತಿಲ್ಲ ಎಂದು ನನಗೆ ಗೊತ್ತು.

ತಪ್ಪು ನನ್ನದೇ ಇರಬಹುದೆಂದು ಅಳತೆ ಪುಸ್ತಕ ತೆಗೆದೆ. ಲಂಗಗಳ ಹಾಳೆ ಸರಿಯಾಗಿತ್ತು. ಮಗುಚುವಾಗ ಕಾಕಾನ ಹಾಳೆ ಸಿಕ್ಕಿತು. ಪ್ರತಿ ರಂಜಾನಿಗೆ ಅವರ ಅಂಗಿ ನಾನೇ ಹೊಲಿಯುವುದು. ಎದೆ ಮೂವತ್ತೆಂಟು. ಅದರ ಕೆಳಗೆ ಮೂವತ್ತಾರು. ಈ ವರ್ಷ ಮೂವತ್ಮೂರು. ಬರೆದವಳು ನಾನೇ, ಕಣ್ಣು ಬಿಟ್ಟು ನೋಡಿದ್ದು ಮಾತ್ರ ಇವತ್ತು. ನನ್ನ ಮೇಲೇ ಸಿಟ್ಟು ಬಂತು.

ಉಲ್ಲಾಸ ಮಾಲು ತರಲು ಹುಬ್ಬಳ್ಳಿಗೆ ಹೋಗಿದ್ದ. ಮಧ್ಯಾಹ್ನ ಟೇಪು ಹಿಡಿದು ಹೋದೆ, ಅಂಗಡಿ ಖಾಲಿ.

"ಬಾ ತಂಗಿ. ಮುಖ ಯಾಕ ಹಿಂಗ ಬಾಡೇತಿ?" ಅಂದರು ಕಾಕಾ.

"ಕೈ ಕೊಡ್ರಿ ಕಾಕಾ."

ನಾಲ್ಕು ಬೆರಳು ಜೋಡಿಸಿ ಮೇಜಿನ ಮೇಲೆ ಇಟ್ಟರು. ಟೇಪು ಹಿಡಿದೆ. ಎರಡೂಮುಕ್ಕಾಲು ಇಂಚು. ಮೀಟರಿಗೆ ಅರ್ಧ ಇಂಚಿನ ಮೇಲೆ ಸೋರಿಹೋಗಿತ್ತು, ಅರವತ್ತು ಮೀಟರಿಗೆ ಒಂದು ಗಜ.

ಕಾಕಾ ಟೇಪಿನ ಮೇಲಿನ ಅಂಕಿ ನೋಡಿ ಉಂಗುರ ತಿರುಗಿಸಿದರು. ಅವರ ಉಂಗುರಕ್ಕೆ ಜಾರದಂತೆ ಕಪ್ಪು ದಾರ ಸುತ್ತಿತ್ತು.

"ಉಂಗುರ ಸಡ್ಲ ಆತು ಅಂತ ದಾರ ಸುತ್ತಿದೆ," ಅಂದರು. "ಬೆರಳು ಸಣ್ಣ ಆಗೇತಿ ಅನ್ನೋದು ತಲೀಗೆ ಹೊಳೀಲೇ ಇಲ್ಲ ನೋಡು."

"ಡಾಕ್ಟರಿಗೆ ತೋರ್ಸೀರೇನು?"

"ತೋರ್ಸೇನಿ." ಅಷ್ಟೇ ಅಂದರು. ವಾಸಿಯಾಗುವಂಥದ್ದಲ್ಲ ಎಂದು ಆ ಒಂದೇ ಮಾತಿನಲ್ಲಿ ತಿಳಿಯಿತು. ನಾನು ಸ್ಟೂಲು ಎಳೆದು ಕೂತೆ.

"ಗೋಡೆ ಮ್ಯಾಲಿನ ಕಡ್ಡಿ ತಗೋರಿ ಕಾಕಾ."

"ಅದನ್ನ ಹಿಡದ್ರ ಎಣಿಕಿ ತಪ್ತೇತಿ. ಕೈ ಕೇಳೂದಿಲ್ಲ." ಆಮೇಲೆ ಮೆಲ್ಲಗೆ ಹೆಬ್ಬೆರಳನ್ನು ನಾಲ್ಕರ ಪಕ್ಕಕ್ಕೆ ತಂದು ಒತ್ತಿದರು. "ಈಗ ಹಿಡಿ."

ಮೂರೂವರೆ. ಗಿರಾಕಿಗೆ ಒಂದು ಕೂದಲು ಲಾಭವೇ. ಕಾಕಾ ನಕ್ಕರು, ಪರೀಕ್ಷೆ ಪಾಸಾದವರ ಹಾಗೆ. ನನ್ನ ಬಟ್ಟೆಯ ಥಾನು ಎಳೆದು ಕಡ್ಡಿ ಒಂದೇ ಸಲ ಇಟ್ಟು ಕತ್ತರಿಸಿದರು. "ಇದು ಒಂದ ಗಜ. ಇದಕ್ಕ ಬೆರಳು ಬ್ಯಾಡ." ಉಳಿದ ತುಂಡಿಗೆ ಜೋಡಿಸಿ ಹೊಲಿಯಬೇಕು, ಆ ಜೋಡು ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ ಎಂದುಕೊಂಡೆ.

ಹೊರಡುವಾಗ ಕರೆದರು. "ತಂಗಿ, ತಿಂಗಳಿಗೊಮ್ಮೆ ಬಂದು ಅಳತಿ ಹಿಡಿ. ಕಮ್ಮಿ ಆದ ದಿನ ಬಾಯ್ಬಿಟ್ಟು ಹೇಳು. ಇನ್ನ ಕೂಡ್ಸಾಕ ಬೆರಳಿಲ್ಲ. ಉಲ್ಲಾಸ ಎಬ್ಸೂಕಿಂತ ಮೊದಲ ನಾನ ಎದ್ದು ಹೋಗ್ತೀನಿ."

ಊರಿನಲ್ಲಿ ಇಷ್ಟು ಜನ ಇರುವಾಗ ಈ ಕೆಲಸ ನನ್ನ ತಲೆಗೇ ಬರಬೇಕೆ. ಹೂಂ ಅಂದು ಬಂದೆ. ಆ ಸಂಜೆ ಮೂವತ್ತನೆಯ ಲಂಗ ಮುಗಿಸಿದೆ. ಅದು ಶಿವರಂಜನಿ ಎಂಬ ಹುಡುಗಿಗೆ ಹೋಯಿತು, ಜೋಡು ಯಾರಿಗೂ ಕಾಣಲಿಲ್ಲ.

ಮುಂದಿನ ತಿಂಗಳು ಹೋದೆ. ಉಲ್ಲಾಸ ಫೋನಿನಲ್ಲಿ ಮುಳುಗಿದ್ದ. ಕಾಕಾ ಮೇಜಿನ ಮರೆಯಲ್ಲಿ ಐದೂ ಬೆರಳು ಜೋಡಿಸಿ ಚಾಚಿದರು. ಟೇಪು ಹಿಡಿದೆ. ಮೂರು, ಅದರ ಮೇಲೆ ಒಂದು ಗೆರೆಯೂ ಇಲ್ಲ.

"ಎಷ್ಟು?" ಅಂದರು.

"ಮೂರೂವರೆ," ಅಂದೆ.

ಇಪ್ಪತ್ತೆರಡು ವರ್ಷದಿಂದ ಹೊಲಿಯುತ್ತಿದ್ದೇನೆ. ಅಳತೆಯಲ್ಲಿ ಸುಳ್ಳು ಹೇಳಿದ್ದು ಅದೇ ಮೊದಲು. ಈಗೆಲ್ಲ ಹತ್ತು ಮೀಟರು ಬೇಕಾದಲ್ಲಿ ಹನ್ನೊಂದು ಕೇಳುತ್ತೇನೆ.